ಉತ್ತರಿಸದವರ ಲೆಕ್ಕ

ಅಮೆರಿಕದಲ್ಲಿ ಬೇಟೆಗಾರನೊಬ್ಬ ದಿನಕ್ಕೆ ಎಷ್ಟು ಕಾಡು ಬಾತುಕೋಳಿ ಹೊಡೆಯಬಹುದು ಎಂದು ಗೊತ್ತುಮಾಡಲು ಹಕ್ಕಿಗಳ ಗಣತಿಯೊಂದೇ ಸಾಲದು. ಹಿಂದಿನ ಹಂಗಾಮಿನಲ್ಲಿ ಎಷ್ಟು ಬಲಿಯಾದವು ಎಂಬುದೂ ಬೇಕು. ಅದನ್ನು ಬೇಟೆಗಾರರೇ ಹೇಳಬೇಕು. 1952ರಿಂದ ಅಲ್ಲಿನ ಕೇಂದ್ರ ಸರ್ಕಾರದ ಮೀನು ಮತ್ತು ವನ್ಯಜೀವಿ ಇಲಾಖೆ ಇದನ್ನು ಅಂಚೆಯಲ್ಲಿ ಕೇಳುತ್ತ ಬಂದಿತ್ತು. ಈಗ ಇಮೇಲ್ ಸಮೀಕ್ಷೆಯ ಕಾಲ. ಅಂಚೆ ಖರ್ಚಿಲ್ಲ, ಉತ್ತರ ಅಂದೇ ಬರುತ್ತದೆ. ಬೇಟೆಯ ನೆನಪು ಮಾಸುವ ಮೊದಲೇ ಕೇಳಬಹುದಾದ್ದು ನಿಜಕ್ಕೂ ದೊಡ್ಡ ಲಾಭ.

ನನ್ನ ಚಿಂತೆ ಉತ್ತರಿಸದವರದು. ಚೀಲ ತುಂಬಿದವನು ಹುರುಪಿನಿಂದ ಬರೆಯುತ್ತಾನೆ. ಬರಿಗೈಲಿ ಬಂದವನು ‘ನನ್ನದೇನಿದೆ ಹೇಳಲು’ ಎಂದು ಸುಮ್ಮನಾಗುತ್ತಾನೆ. ಬಂದ ಉತ್ತರಗಳನ್ನೇ ಎಲ್ಲರಿಗೂ ಅನ್ವಯಿಸಿದರೆ ಬಲಿಯ ಲೆಕ್ಕ ಉಬ್ಬುತ್ತದೆ. ಅಂಚೆ ಸಮೀಕ್ಷೆ ನಡೆಸುವವರು ಇದಕ್ಕೆ ಕಂಡುಕೊಂಡ ಉಪಾಯ ಎರಡನೆಯ, ಮೂರನೆಯ ಪತ್ರ. ತಡವಾಗಿ ಬರೆದವರ ಬೇಟೆ ಎಷ್ಟು ಕಡಿಮೆ ಎಂದು ನೋಡಿ, ಬರೆಯದೇ ಉಳಿದವರದನ್ನು ಅಂದಾಜು ಮಾಡುತ್ತಿದ್ದರು. ಇಮೇಲ್‌ನಲ್ಲೂ ನೆನಪಿಸಬಹುದು, ಆದರೆ ಪರವಾನಗಿ ಪಡೆಯುವಾಗ ಇಮೇಲ್ ಕೊಡದವನು ಪಟ್ಟಿಗೇ ಬರುವುದಿಲ್ಲ. ವಯಸ್ಸಿನ ಪ್ರಕಾರ ಅಂಕಿಗಳನ್ನು ಸರಿದೂಗಿಸಿದರಾಯಿತು ಎಂದು ಇಮೇಲ್ ಪರ ಇರುವವರು ಹೇಳಬಹುದು. ಅರವತ್ತು ದಾಟಿದವರಲ್ಲೇ ಇಮೇಲ್ ಇರುವವನೂ ಇಲ್ಲದವನೂ ಒಂದೇ ರೀತಿ ಬೇಟೆಯಾಡುತ್ತಾರೆಂದು ಹೇಗೆ ನಂಬುವುದು?

ಇನ್ನೂ ಗಂಭೀರವಾದದ್ದು ಹೋಲಿಕೆಯ ಪ್ರಶ್ನೆ. ಈ ಅಂಕಿಗಳಿಗೆ ಬೆಲೆ ಬರುವುದು ವರ್ಷದಿಂದ ವರ್ಷಕ್ಕೆ ಹೋಲಿಸಿದಾಗ. ಕೇಳುವ ವಿಧಾನ ಬದಲಾದ ವರ್ಷವೇ ಸಂಖ್ಯೆ ಕುಸಿದರೆ ಕಡಿಮೆಯಾದದ್ದು ಬೇಟೆಯೋ, ಉತ್ತರಿಸುವ ಜನರೇ ಬದಲಾದರೋ? ಅಳತೆಗೋಲು ಬದಲಿಸಿದವರು ಇದಕ್ಕೆ ಉತ್ತರ ಹೇಳಲೇಬೇಕು.

ಅಂಚೆಯನ್ನು ಪೂರಾ ಬಿಡಲಾಗದ ಕಾರಣ ಇನ್ನೊಂದಿದೆ. ಆಯ್ದ ಬೇಟೆಗಾರರು ತಾವು ಹೊಡೆದ ಪ್ರತಿ ಬಾತುಕೋಳಿಯ ಒಂದು ರೆಕ್ಕೆಯನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ. ತಜ್ಞರು ಗರಿ ನೋಡಿ ಜಾತಿ, ಲಿಂಗ, ಪ್ರಾಯ ಗುರುತಿಸುತ್ತಾರೆ. ಮರಿಗಳ ಪ್ರಮಾಣದಿಂದ ಆ ವರ್ಷದ ಸಂತಾನವೃದ್ಧಿಯ ಸುಳಿವು ಸಿಗುತ್ತದೆ. ಬೇಟೆಗಾರ ಜಾತಿ ತಪ್ಪಾಗಿ ಹೇಳಬಹುದು, ರೆಕ್ಕೆ ತಪ್ಪು ಹೇಳುವುದಿಲ್ಲ.

ಸಮೀಕ್ಷಾ ತಜ್ಞ ಡಾನ್ ಡಿಲ್‌ಮನ್ ಬೆಳೆಸಿದ ಮಿಶ್ರ ವಿಧಾನವೇ ನನಗೆ ಸರಿಯೆನಿಸುತ್ತದೆ: ಮೊದಲು ಎಲ್ಲರಿಗೂ ಕಾಗದ, ಅದರಲ್ಲೇ ಜಾಲತಾಣದ ವಿಳಾಸ; ಉತ್ತರಿಸದವರಿಗೆ ಮುಂದೆ ಮುದ್ರಿತ ಪ್ರಶ್ನಾವಳಿ. ಖರ್ಚು ತುಸು ಹೆಚ್ಚು, ಆದರೆ ಪಟ್ಟಿಯಿಂದ ಯಾರೂ ಹೊರಗುಳಿಯುವುದಿಲ್ಲ. ಪೂರ್ತಿ ಇಮೇಲ್‌ಗೆ ಹೋಗುವುದೇ ಆದರೆ ಕೆಲವು ಹಂಗಾಮು ಎರಡನ್ನೂ ಜೊತೆಜೊತೆಗೆ ನಡೆಸಿ, ವ್ಯತ್ಯಾಸ ಅಳೆದು, ಹಳೆಯ ಅಂಕಿಗಳ ಪಕ್ಕದಲ್ಲೇ ಅದನ್ನು ಅಚ್ಚುಹಾಕಬೇಕು.