ಮಳೆ ಬಂತಾ ಎಂದು ಕೇಳಿದ ಕಾಗದಗಳು: ಗಲ್ಫಿನ ಬಿಸಿಲು ಮತ್ತು ನಮ್ಮ ‘ಪ್ರವಾಸಿ’

ಧ್ವನಿ ಕೇಳಿಸ್ತಾ ಉಂಟು ಅಂದುಕೊಳ್ತೇನೆ. ಪ್ರಬಂಧವನ್ನು ಪೂರ್ತಿ ಓದುವುದಿಲ್ಲ, ಅದರ ವಾದವನ್ನು ಮಾತ್ರ ನಿಮ್ಮ ಮುಂದೆ ಇಡ್ತೇನೆ. ದುಬೈಯಂಥ ಬಿಸಿಲಿನ ಪಟ್ಟಣಕ್ಕೆ ‘ಸ್ವಲ್ಪ ಕಾಲ’ ಅಂತ ಹೋಗಿ ದುಡಿಯುವ ಕಾಸರಗೋಡಿನವರ ಬದುಕು ಕನ್ನಡ ವಿಮರ್ಶೆಯ ಕಣ್ಣಿಗೆ ಯಾಕೆ ಬೀಳಲಿಲ್ಲ ಎನ್ನುವುದು ನನ್ನ ಪ್ರಶ್ನೆ.

ಒಂದು ಪದದಿಂದ ಶುರು ಮಾಡ್ತೇನೆ. ನಮ್ಮ ಊರಿನಲ್ಲಿ ‘ಪ್ರವಾಸಿ’ ಎಂಬ ಪದಕ್ಕೆ ಎರಡು ಅರ್ಥ. ಕನ್ನಡದಲ್ಲಿ ಅದು ಬೇಕಲ ಕೋಟೆ ನೋಡಲು ಬಂದವನು. ಮಲಯಾಳದಲ್ಲಿ ಅದು ಪರದೇಶದಲ್ಲಿ ದುಡಿಯುವವನು. ‘ಪ್ರವಾಸಿ ಕ್ಷೇಮನಿಧಿ’ ಅಂದರೆ ಟೂರಿಸ್ಟರಿಗೆ ಕೊಡುವ ಪಿಂಚಣಿ ಅಲ್ಲ! ಮೂಲ ಒಂದೇ, ಊರು ಬಿಟ್ಟು ಬೇರೆಡೆ ವಾಸ. ಗಂಡ ದೂರ ಹೋಗಿರುವ ನಾಯಿಕೆಯನ್ನು ನಮ್ಮ ಕಾವ್ಯಶಾಸ್ತ್ರ ‘ಪ್ರೋಷಿತಭರ್ತೃಕೆ’ ಅಂತ ಕರೆದದ್ದೂ ಅದೇ ಧಾತುವಿನಿಂದ. ಮಲಯಾಳ ಆ ಪದದೊಳಗಿನ ವಾಸವನ್ನು ಉಳಿಸಿಕೊಂಡಿತು, ನಾವು ತಿರುಗಾಟವನ್ನು ಉಳಿಸಿಕೊಂಡೆವು. ಉಳಿದದ್ದು ‘ವಲಸಿಗ’ ಮತ್ತು ‘ಅನಿವಾಸಿ’. ವಲಸಿಗ ಅಂದರೆ ಹೋಗಿ ನೆಲೆಸಿದವನು. ಅನಿವಾಸಿ ಅಂದಾಗ ಅಮೆರಿಕದ ಕನ್ನಡ ಕೂಟ ನೆನಪಾಗ್ತದೆ. ದೇರಾದ ಗ್ರೋಸರಿಯಲ್ಲಿ ಸಾಮಾನು ಕಟ್ಟುವವನು ಈ ಮೂರರಲ್ಲಿ ಯಾವುದೂ ಅಲ್ಲ.

ಇದು ಬರೀ ನಿಘಂಟಿನ ವಿಚಾರ ಅಲ್ಲ, ಸಾಹಿತ್ಯವನ್ನು ಅಳೆಯುವ ಕೋಲೂ ಹೌದು. ಪರದೇಶದ ಬಗ್ಗೆ ಕನ್ನಡದಲ್ಲಿ ಬಂದ ದೊಡ್ಡ ಬರವಣಿಗೆ ಪ್ರವಾಸ ಕಥನವೇ. ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ – ಇವೆಲ್ಲ ನೋಡುವವರ ಪುಸ್ತಕಗಳು. ಗೊರೂರರನ್ನು ನಾನು ಇಷ್ಟಪಟ್ಟು ಓದುತ್ತೇನೆ. ಆದರೆ ಅವರ ಹಾಸ್ಯ ನಿಂತಿರುವುದು ಆಶ್ಚರ್ಯಪಡಲು ಸಿಗುವ ಬಿಡುವಿನ ಮೇಲೆ. ಎರಡೋ ಮೂರೋ ವರ್ಷದ ವೀಸಾ, ಅದು ಮುಗಿದ ಮೇಲೆ ನವೀಕರಣ, ಕೆಲಸ ಹೋದರೆ ಇರುವ ಹಕ್ಕೂ ಹೋಗ್ತದೆ ಎನ್ನುವ ಸ್ಥಿತಿಯಲ್ಲಿ ಇರುವವನಿಗೆ ಆ ಬಿಡುವು ಇಲ್ಲ. ಕಂಡದ್ದನ್ನು ವರ್ಣಿಸಿದ್ದಾನಾ ಅಂತ ಕೇಳಿ ಅವನ ಬರಹವನ್ನು ಓದಲು ಹೊರಟರೆ ಏನೂ ಸಿಗುವುದಿಲ್ಲ. ಆಗ ‘ಗಲ್ಫ್ ಅನುಭವ ಕನ್ನಡದಲ್ಲಿ ಸಾಹಿತ್ಯ ಆಗಲಿಲ್ಲ’ ಅಂತ ತೀರ್ಪು ಬರೆದುಬಿಡ್ತೇವೆ.

ನನ್ನ ಹತ್ತಿರ ಇರುವ ಪಠ್ಯ ಸಣ್ಣದು. ನನ್ನ ಸೋದರಮಾವ 1993ರಲ್ಲಿ ದುಬೈಗೆ ಹೋದರು, ಎರಡು ವರ್ಷಕ್ಕೆ ಅಂತ. ಈಗಲೂ ಅಲ್ಲೇ ಇದ್ದಾರೆ. ಮೊಬೈಲು ಬರುವ ತನಕ ಅವರು ಬರೆದ 31 ಕಾಗದಗಳು ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದಿವೆ; ಹೆಚ್ಚಿನವು ಊರಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದವು. ಅವರ ಒಪ್ಪಿಗೆ ಪಡೆದೇ ಮಾತಾಡ್ತಾ ಇದ್ದೇನೆ. ಮೊದಲ ಕೆಲವು ವರ್ಷ ಅವರ ಕೆಲಸ ಸೈಕಲಲ್ಲಿ ಫ್ಲ್ಯಾಟುಗಳಿಗೆ ಸಾಮಾನು ಮುಟ್ಟಿಸುವುದು. ಜುಲೈಯಲ್ಲಿ 40 ಡಿಗ್ರಿ ದಾಟುವ, ಸಮುದ್ರದ ತೇವ ಬೇರೆ ಸೇರಿದ ಶೆಕೆಯಲ್ಲಿ. ಆದರೆ ಕಾಗದಗಳಲ್ಲಿ ಆ ಬಿಸಿಲು ಒಂದೇ ಒಂದು ಕಡೆ ಕೂಡ ಇಲ್ಲ. ಇರುವುದು ಕ್ಷೇಮ, ಡ್ರಾಫ್ಟಿನ ಮೊತ್ತ, ಬಾವಿಯ ಕಟ್ಟೆ, ತಂಗಿಯ ಪರೀಕ್ಷೆ. ಮತ್ತೆ ಮಳೆ. ಮಳೆ ಹಿಡಿಯಿತಾ, ಅಡಿಕೆಗೆ ಮದ್ದು ಬಿಟ್ಟಾಯ್ತಾ, ಎರಡನೇ ಮದ್ದಿಗೆ ಮಳೆ ಬಿಟ್ಟ ಹೊತ್ತು ಸಿಕ್ಕಿತಾ.

‘ಬಿಸಿಲು’ ಎಂಬ ಪದ ಇಲ್ಲ ಅಂತಲ್ಲ. ಎಣಿಸಿದೆ, ಒಂಬತ್ತು ಸಲ ಬಂದಿದೆ. ಒಂಬತ್ತೂ ಸಲ ನಮ್ಮ ಅಂಗಳದ ಬಿಸಿಲೇ: ಬಿಸಿಲು ಬಂತಾ, ಅಡಿಕೆ ಒಣಗಿತಾ. ದುಬೈಯ ಬಿಸಿಲಲ್ಲಿ ನಿಂತವನು ಮಂಜೇಶ್ವರದ ಅಂಗಳಕ್ಕೆ ಬಿಸಿಲು ಸಾಲದು ಅಂತ ಚಿಂತೆ ಮಾಡ್ತಾ ಇದ್ದಾನೆ. ಇದನ್ನು ಮುಗ್ಧತೆ ಅಂತ ಓದುವುದು ನನಗೆ ಒಪ್ಪಿಗೆ ಇಲ್ಲ. ಮನೆಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದುತ್ತಾರೆ, ಅಮ್ಮ ಕೇಳಿಸಿಕೊಳ್ಳುತ್ತಾಳೆ ಅಂತ ಬರೆಯುವವನಿಗೆ ಗೊತ್ತು. ಸೆಕೆಯ ಬಗ್ಗೆ ಒಂದು ಸಾಲು ಬರೆದರೆ ವಾಪಸ್ ಬಾ ಅನ್ನುವ ಮರುಕಾಗದ ಬರ್ತದೆ. ವಾಪಸ್ ಬಂದರೆ ತಂಗಿಯ ಮದುವೆ ನಿಲ್ತದೆ. ಹಾಗಾಗಿ ಮಳೆಯನ್ನು ಕೇಳುವುದು ಬಿಸಿಲನ್ನು ಹೇಳದೆ ಇರುವ ವಿಧಾನ. ನಾವು ತರಗತಿಯಲ್ಲಿ ಧ್ವನಿ, ಧ್ವನಿ ಅಂತ ಪಾಠ ಕೇಳ್ತೇವಲ್ಲ, ಇದು ಧ್ವನಿ ಅಲ್ಲದೆ ಮತ್ತೇನು?

ಇನ್ನೊಂದು ಲೆಕ್ಕ ನೋಡಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ತೆರೆದ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ನಿಯಮ ಉಂಟು. ಆ ಮೂರು ತಿಂಗಳು ತುಳುವಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿಯಾಗಿ ಕಾರ್ತೆಲ್, ಆಟಿ, ಸೋಣ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು, ಅದರ ದೊಡ್ಡ ಪಾಲು ಬೀಳುವುದು ಈ ತಿಂಗಳುಗಳಲ್ಲೇ. ಕರಾವಳಿಯ ಕನ್ನಡದಲ್ಲಿ ಮಳೆಗೆ ಬೇಕಾದಷ್ಟು ಮಾತು ಉಂಟು, ಬಿಸಿಲಿಗೆ ಕಡಿಮೆ. ಬಿಸಿಲಿನ ಕನ್ನಡ ಬೇಕಾದರೆ ಸೊಲ್ಲಾಪುರ, ಆದೋನಿ ಕಡೆಯ ಗೆಳೆಯರನ್ನೇ ಕೇಳಬೇಕು. ಅತ್ಯಂತ ಒದ್ದೆಯಾದ ಭಾಷೆ ಇಟ್ಟುಕೊಂಡು ಒಣನೆಲಕ್ಕೆ ಹೋದವರು ನಮ್ಮವರು.

ಮಲಯಾಳದಲ್ಲಿ ಇದೇ ಅನುಭವ ಬೇರೆ ದಾರಿ ಹಿಡಿಯಿತು. ಎಸ್.ಎ. ಜಮೀಲರ ‘ದುಬೈ ಕತ್ತು ಪಾಟ್ಟು’ 1970ರ ದಶಕದಲ್ಲೇ ಹೆಂಡತಿಯ ಕಾಗದವನ್ನೂ ಗಂಡನ ಉತ್ತರವನ್ನೂ ಹಾಡು ಮಾಡಿತು. ಅಲ್ಲಿ ಕಾಗದ ಮನೆಯ ಪೆಟ್ಟಿಗೆಯಿಂದ ಹೊರಗೆ ಬಂತು. 2008ರಲ್ಲಿ ಬೆನ್ಯಾಮಿನ್ ಅವರ ‘ಆಡುಜೀವಿತಂ’ ಬಂತು, 2024ರಲ್ಲಿ ಅದರ ಸಿನಿಮಾ. ದೊಡ್ಡ ಕಾದಂಬರಿ, ಅನುಮಾನ ಇಲ್ಲ. ಆದರೆ ಅದರಿಂದ ವಿಮರ್ಶೆಗೆ ಒಂದು ತೊಂದರೆಯೂ ಆಗಿದೆ ಅಂತ ನನಗನಿಸ್ತದೆ: ಗಲ್ಫ್ ಅಂದರೆ ಮರುಭೂಮಿ, ಆಡಿನ ದೊಡ್ಡಿ, ನಜೀಬನ ನರಕ ಅಂತ ಆಗಿಬಿಟ್ಟಿತು. ನನ್ನ ಮಾವನಿಗೆ ನರಕ ಆಗಲಿಲ್ಲ. ಸಂಬಳ ಸಿಕ್ಕಿತು, ಶುಕ್ರವಾರ ರಜೆ ಇತ್ತು, ರೂಮಿನಲ್ಲಿ ಆರು ಜನ ಇದ್ದರು. ಈ ಮಧ್ಯಮ ಪ್ರಮಾಣದ ಕಷ್ಟಕ್ಕೆ ಕಥೆ ಹೇಳುವುದೇ ಹೆಚ್ಚು ಕಷ್ಟ.

ಆ ಪ್ರಮಾಣದ ಹತ್ತಿರ ಹೋದದ್ದು, ಇಂಗ್ಲಿಷಿನಲ್ಲಿ, ದೀಪಕ್ ಉಣ್ಣಿಕೃಷ್ಣನ್. ಅಬುಧಾಬಿಯಲ್ಲಿ ಬೆಳೆದ ಅವರ ‘ಟೆಂಪರರಿ ಪೀಪಲ್’ 2017ರಲ್ಲಿ ಬಂತು. ಅದರಲ್ಲಿ ಕ್ಯಾಂಪಿನ ಒಬ್ಬ ಕೂಲಿ ಪಾಸ್‌ಪೋರ್ಟ್ ಆಗಿಬಿಡ್ತಾನೆ, ಒಬ್ಬ ಸೂಟ್‌ಕೇಸ್ ಆಗ್ತಾನೆ, ಮೂರನೆಯವನು ಅವರನ್ನು ಹಿಡಿದುಕೊಂಡು ಓಡ್ತಾನೆ. ವಿಚಿತ್ರ ಕಲ್ಪನೆ ಅಂತ ತರಗತಿಯಲ್ಲಿ ಹಲವರು ನಕ್ಕರು. ನನಗೆ ಅದು ಪೂರ್ತಿ ವಾಸ್ತವ ಅನಿಸಿತು. ಮಾವ ಊರಿಗೆ ಬಂದಾಗ ಮೊದಲು ಒಳಗೆ ಬರುತ್ತಿದ್ದದ್ದು ಸೂಟ್‌ಕೇಸೇ.

ಕನ್ನಡದಲ್ಲಿ ಹಾಗೆ ಆಗದಿರಲು ಪದ ಒಂದೇ ಕಾರಣ ಅಲ್ಲ. ಕನ್ನಡ ಪೆನ್ನು ಹಿಡಿದವರು ಮೈಸೂರು, ಬೆಂಗಳೂರಿಗೆ ಹೋದರು. ಗಲ್ಫಿಗೆ ಹೋದವರಲ್ಲಿ ಹೆಚ್ಚಿನವರು ಬೇರೆ ವರ್ಗದವರು. ಜೊತೆಗೆ ನಮ್ಮ ‘ಗಡಿನಾಡು’ ಎಂಬ ಚರ್ಚೆಯೇ 1956ರ ವಿಂಗಡಣೆ ಮತ್ತು 1967ರ ಮಹಾಜನ್ ವರದಿಯ ಸುತ್ತ ಬೆಳೆದದ್ದು. ಅದು ಸದಾ ಬೆಂಗಳೂರಿನ ಕಡೆ ಮುಖ ಮಾಡಿ ಮಾತಾಡ್ತದೆ. ಅದು ಬೇಡ ಅಂತ ಹೇಳ್ತಾ ಇಲ್ಲ, ಆ ನೋವು ನಿಜವೇ. ಆದರೆ ಕಾಸರಗೋಡಿಗೆ ಪಶ್ಚಿಮದಲ್ಲೂ ಒಂದು ಗಡಿ ಉಂಟು, ಅರಬ್ಬಿ ಸಮುದ್ರ. ನಮ್ಮ ಎಷ್ಟೋ ಮನೆಗಳ ಮಾಡು, ಎಷ್ಟೋ ಜನರ ಕಾಲೇಜು ಫೀಸು ಆ ಗಡಿಯಾಚೆಯಿಂದ ಬಂದದ್ದು. ನನ್ನದೂ ಹೌದು.

ಚಾಟ್‌ನಲ್ಲಿ ಎರಡು ಪ್ರಶ್ನೆ ಉಂಟು. ಒಂದು, ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶ್ ಯೆಮನ್‌ನಲ್ಲಿ ಕೆಲಸ ಮಾಡಿದ್ದರಲ್ಲ, ಅವರನ್ನು ಯಾಕೆ ಬಿಟ್ಟಿರಿ ಅಂತ. ಬಿಟ್ಟದ್ದಲ್ಲ ಸರ್. ಅವರು ಅಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು, ಬರಹಗಾರರಾಗಿಯೇ ಹೋದವರು. ನನ್ನ ಪ್ರಶ್ನೆ ಬರಹಗಾರರಲ್ಲದವರ ಬರಹದ ಬಗ್ಗೆ.

ಎರಡನೆಯದು, ಮನೆಯ ಕಾಗದವನ್ನು ಸಾಹಿತ್ಯ ಅನ್ನಬಹುದಾ ಅಂತ. ಅನ್ನಲೇಬೇಕು ಅಂತ ಹಠ ಇಲ್ಲ ಮೇಡಂ. ಸಾಹಿತ್ಯವನ್ನು ಓದುವಷ್ಟು ನಿಧಾನವಾಗಿ ಅದನ್ನು ಓದಬೇಕು ಅಂತ ಮಾತ್ರ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ದಾಖಲೆಯ ಮಳೆ ಸುರಿದು ದುಬೈ ಮುಳುಗಿತಲ್ಲ, ಆ ದಿನ ಮಾವ ವಾಟ್ಸಾಪ್‌ನಲ್ಲಿ ಒಂದರ ಹಿಂದೆ ಒಂದು ಧ್ವನಿ ಸಂದೇಶ ಕಳಿಸಿದರು. ರಸ್ತೆ ಹೇಗಿದೆ, ಅಂಗಡಿಯೊಳಗೆ ನೀರು ಎಲ್ಲಿ ತನಕ ಬಂತು, ಆಕಾಶ ಯಾವ ಬಣ್ಣಕ್ಕೆ ತಿರುಗಿತು – ಎಲ್ಲ ಹೇಳಿದರು. 31 ವರ್ಷದಲ್ಲಿ ಆ ಊರನ್ನು ಅವರು ನಮಗೆ ವರ್ಣಿಸಿದ್ದು ಅದೇ ಮೊದಲು. ಅವನ್ನು ಇನ್ನೂ ಪೂರ್ತಿ ಲಿಪ್ಯಂತರ ಮಾಡಿ ಆಗಿಲ್ಲ. ಆದ ಮೇಲೆ ವಿಭಾಗದಲ್ಲಿ ಹಂಚಿಕೊಳ್ತೇನೆ.