ಅರಗಿನ ಮನೆಯಲ್ಲಿ ಬೆಂದವಳು

'ಗಟ್ಟಿಗಿತ್ತಿ' ಅನ್ನುವ ಮಾತು ನಮ್ಮ ವಿಮರ್ಶೆಯಲ್ಲಿ ಬಹಳ ಅಗ್ಗವಾಗಿದೆ. ಭಾರತದ ದ್ರೌಪದಿ ಗಟ್ಟಿಗಿತ್ತಿ, ಸಿನಿಮಾದ ಓಬವ್ವ ಗಟ್ಟಿಗಿತ್ತಿ, ಚಂಬಲ್ಲಿನ ಫೂಲನ್ ಗಟ್ಟಿಗಿತ್ತಿ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹಾರ ಹಾಕಿಬಿಟ್ಟರೆ ಹೆಣ್ಣಿನ ಪರವಾದ ವಿಮರ್ಶೆ ಮುಗಿಯಿತು ಎಂಬಂತಾಗಿದೆ. ದಲಿತ ವಿಮರ್ಶೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಗಟ್ಟಿತನ ಎಲ್ಲಿಂದ ಬಂತು? ಅದರ ಬೆನ್ನಿಗೆ ಯಾರ ಮನೆ ನಿಂತಿದೆ? ಈಕೆಯ ದನಿ ಕೇಳುವಾಗ ಯಾರ ದನಿ ಅಡಗಿತು?

ದ್ರೌಪದಿಯಿಂದಲೇ ಶುರುಮಾಡೋಣ. ದ್ಯೂತದಲ್ಲಿ ಸೋತ ಸುದ್ದಿ ತಂದ ಪ್ರಾತಿಕಾಮಿಯ ಕೈಲಿ ಆಕೆ ಪ್ರಶ್ನೆ ಕಳಿಸುತ್ತಾಳೆ. ಧರ್ಮರಾಯ ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಭೀಷ್ಮನಂಥವನೂ ತಡವರಿಸಿದ ಪ್ರಶ್ನೆ ಇದು. ಇದರ ದೊಡ್ಡತನವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಪ್ರಶ್ನೆಯ ಬುಡವನ್ನು ನೋಡಿ. ರಾಣಿಯನ್ನು ದಾಸಿ ಮಾಡಬಹುದೇ ಎಂಬುದು ಅಲ್ಲಿನ ತಕರಾರು. ದಾಸಿಯರು ಯಾಕಿರಬೇಕು ಎಂಬ ತಕರಾರು ಆ ಸಭೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಧೃತರಾಷ್ಟ್ರ ವರ ಕೇಳು ಅಂದಾಗ ಆಕೆ ಮೊದಲು ಬೇಡುವುದು ಧರ್ಮರಾಯನ ಬಿಡುಗಡೆಯನ್ನು. ಕಾರಣ? ತನ್ನ ಮಗ ಪ್ರತಿವಿಂಧ್ಯನನ್ನು ಯಾರೂ ದಾಸನ ಮಗ ಎಂದು ಕರೆಯಬಾರದು. ಅದೇ ಅರಮನೆಯ ಅಡುಗೆಮನೆಯಲ್ಲಿ, ಕೊಟ್ಟಿಗೆಯಲ್ಲಿ ದಾಸನ ಮಕ್ಕಳು ಎಷ್ಟೋ ಮಂದಿ ಇದ್ದಿರಬೇಕಲ್ಲ. ಅವರ ತಾಯಂದಿರಿಗೆ ಯಾವ ವರವೂ ಇಲ್ಲ.

ಇನ್ನು ಅರಗಿನ ಮನೆ. ವಾರಣಾವತದಲ್ಲಿ ಕುಂತಿ ಔತಣ ಮಾಡುತ್ತಾಳೆ. ಒಬ್ಬ ನಿಷಾದಿ ತನ್ನ ಐದು ಜನ ಮಕ್ಕಳೊಂದಿಗೆ ಉಣ್ಣಲು ಬರುತ್ತಾಳೆ. ಕುಡಿದು ಮೈಮರೆತು ಅಲ್ಲೇ ಮಲಗುತ್ತಾರೆ. ರಾತ್ರಿ ಭೀಮ ಮನೆಗೆ ಬೆಂಕಿಯಿಡುತ್ತಾನೆ. ಬೆಳಗ್ಗೆ ಊರಿನವರಿಗೆ ಸಿಗುವುದು ಒಬ್ಬ ಹೆಂಗಸು ಮತ್ತು ಐವರು ಗಂಡಸರ ಸುಟ್ಟ ಹೆಣ. ಪಾಂಡವರು ಸತ್ತರು ಎಂದು ಊರು ಅಳುತ್ತದೆ. ಸತ್ತವಳಿಗಾಗಿ ಅಳುವವರಿಲ್ಲ. ಆಕೆಗೆ ಹೆಸರೂ ಇಲ್ಲ. ಲೆಕ್ಕಕ್ಕೆ ಬೇಕಾಗಿದ್ದು ಆರು ಹೆಣ, ಅಷ್ಟೆ. ಕುಂತಿಯ ಧೀರ ಮಾತೃತ್ವವನ್ನು ಕೊಂಡಾಡುವವರು ಈ ಇನ್ನೊಬ್ಬ ತಾಯಿಯನ್ನು ದಾಟಿಕೊಂಡೇ ಹೋಗಬೇಕಾಗುತ್ತದೆ. ಬಂಗಾಳಿಯ ಮಹಾಶ್ವೇತಾದೇವಿ ತಮ್ಮ 'ಕುಂತಿ ಮತ್ತು ನಿಷಾದಿ' ಕತೆಯಲ್ಲಿ ಹಾಗೆ ದಾಟಲು ಬಿಡಲಿಲ್ಲ. ಯುದ್ಧ ಮುಗಿದ ಮೇಲೆ ಕಾಡಿನಲ್ಲಿ ಕುಂತಿ ತನ್ನ ಪಾಪಗಳನ್ನು ನೆನೆಯುವಾಗ ಆ ನಿಷಾದಿಯ ಸೊಸೆ ಬಂದು ಎದುರು ನಿಲ್ಲುತ್ತಾಳೆ. ಕುಂತಿಯ ಪಾಪದ ಪಟ್ಟಿಯಲ್ಲಿ ಅರಗಿನ ಮನೆಯೇ ಇರಲಿಲ್ಲ ಅನ್ನುವುದು ಆ ಕತೆಯ ಪೆಟ್ಟು.

ಕೆಳಗಿನ ಹೆಣ್ಣು ಅರಮನೆ ಹೊಕ್ಕ ಉದಾಹರಣೆ ಇಲ್ಲವೇ ಎಂದು ಕೇಳಬಹುದು. ಇದೆ, ಸತ್ಯವತಿ. ಯಮುನೆಯಲ್ಲಿ ದೋಣಿ ನಡೆಸುತ್ತಿದ್ದ ಬೆಸ್ತರ ಹುಡುಗಿ, ಮತ್ಸ್ಯಗಂಧಿ. ಆದರೆ ಮೀನಿನ ವಾಸನೆ ಹೊತ್ತು ಆಕೆ ಹಸ್ತಿನಾವತಿಗೆ ಹೋಗಲಿಲ್ಲ. ಮೊದಲು ಪರಾಶರ ಮುನಿಯ ವರದಿಂದ ಆ ವಾಸನೆ ಹೋಗಿ ಯೋಜನ ದೂರ ಹಬ್ಬುವ ಪರಿಮಳ ಬರಬೇಕಾಯಿತು. ಶಂತನು ಬಂದದ್ದು ಆ ಪರಿಮಳದ ಜಾಡು ಹಿಡಿದು. ದುಡಿಮೆಯ ವಾಸನೆ ತೊಳೆದುಕೊಂಡರೆ ಮಾತ್ರ ಒಳಕ್ಕೆ ಪ್ರವೇಶ. ತೊಳೆದುಕೊಳ್ಳದವರು ಏನಾದರು? ಕಾಡಿನಲ್ಲಿ ತನ್ನಿಷ್ಟಕ್ಕೆ ತಿರುಗಿ, ಒಪ್ಪಿದ ಗಂಡನ್ನು ಬಾಯಿಬಿಟ್ಟು ಕೇಳಿದ ಶೂರ್ಪನಖಿಯ ಮೂಗು ಹೋಯಿತು. ಹಿಡಿಂಬಿಯ ಮಗ ಘಟೋತ್ಕಚ ಯುದ್ಧಕ್ಕೆ ಬೇಕಾದ, ಆದರೆ ಅವನು ಸತ್ತಾಗ ಕೃಷ್ಣ ಕುಣಿದಾಡಿದ. ಅರಮನೆಯಲ್ಲಿದ್ದರೆ ತೇಜಸ್ಸು, ಕಾಡಿನಲ್ಲಿದ್ದರೆ ರಾಕ್ಷಸತನ. ಒಂದೇ ಗುಣಕ್ಕೆ ಎರಡು ಹೆಸರು.

ಈ ಹಳೇ ತಕ್ಕಡಿಯನ್ನು ಸಿನಿಮಾ ಬಿಸಾಕಿತೇ? 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದರು. ಅದರಲ್ಲಿ ಜಯಂತಿ ಓಬವ್ವನಾಗಿ ಒನಕೆ ಎತ್ತಿ ನಿಂತದ್ದನ್ನು ಕನ್ನಡಿಗರು ಇವತ್ತಿಗೂ ಮರೆತಿಲ್ಲ. ಮರೆಯುವಂಥದ್ದೂ ಅಲ್ಲ. ಆದರೆ ಅಲಮೇಲುವಿಗೆ, ಮಾರ್ಗರೆಟ್‌ಗೆ ಕತೆಯಿದೆ, ಮಾತಿದೆ, ಮನಸ್ಸಿನ ತಳಮಳವಿದೆ. ಓಬವ್ವನಿಗೆ ಇರುವುದು ಒಂದು ಹಾಡು. ಆ ಹಾಡಿನಲ್ಲಿ ಆಕೆ ಕನ್ನಡ ನಾಡಿನ ವೀರವನಿತೆ. ಆಕೆಯ ಕೇರಿ ಅಲ್ಲಿಲ್ಲ. ಚಲವಾದಿಗಳ ಹೆಣ್ಣುಮಗಳು, ಕೋಟೆಯ ಕಾವಲುಗಾರನ ಹೆಂಡತಿ, ಗಂಡ ಉಣ್ಣುವಾಗ ನೀರಿಗೆ ಹೋದವಳು. ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ದಿನಾ ಕುಟ್ಟುವ ಒನಕೆ. ಒನಕೆ ಅಂದರೆ ದುಡಿಮೆ. ಅದನ್ನು ಆಯುಧವಾಗಿ ಮಾತ್ರ ತೋರಿಸಿದಾಗ ದುಡಿದವಳು ಮರೆಯಾಗಿ ನಾಡಭಕ್ತೆ ಉಳಿಯುತ್ತಾಳೆ. ಇನ್ನೂ ಒಂದು ಮಾತು. ಓಬವ್ವ ಸಾಯುತ್ತಾಳೆ. ಸತ್ತವಳು ಕೂಲಿ ಕೇಳುವುದಿಲ್ಲ, ನೆಲ ಕೇಳುವುದಿಲ್ಲ, ಬಾವಿಯ ನೀರು ಕೇಳುವುದಿಲ್ಲ. ಹಾಗಾಗಿ ಎಲ್ಲರಿಗೂ ಬೇಕಾದವಳಾಗುತ್ತಾಳೆ. ಕರ್ನಾಟಕ ಸರ್ಕಾರ ನವೆಂಬರ್ 11ರಂದು ಆಕೆಯ ಜಯಂತಿ ಆಚರಿಸಲು ಶುರುಮಾಡಿದ್ದು 2021ರಲ್ಲಿ. ಅಷ್ಟೂ ಕಾಲ ಆಕೆಯನ್ನು ತಮ್ಮವಳು ಎಂದು ನೆನೆಯುತ್ತ ಬಂದ ಕೇರಿಯವರ ಪಾಲಿಗೆ ಅದು ಸಣ್ಣ ಗೆಲುವಲ್ಲ.

ಬದುಕಿ ಉಳಿದವಳ ಪಾಡು ನೋಡಬೇಕೆಂದರೆ ಶೇಖರ್ ಕಪೂರ್‌ರ 'ಬ್ಯಾಂಡಿಟ್ ಕ್ವೀನ್' ಇದೆ. 1994ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಹೆಸರು ಮಾಡಿದ ಚಿತ್ರ. ಫೂಲನ್ ದೇವಿ ಯಮುನೆಯ ದಂಡೆಯ ಮಲ್ಲಾಹರ ಹುಡುಗಿ. ದೋಣಿಯವರು, ನಿಷಾದರ ಸಂತತಿ ಎಂದು ತಮ್ಮನ್ನು ಕರೆದುಕೊಳ್ಳುವವರು. ಅರಗಿನ ಮನೆಯಿಂದ ಇಲ್ಲಿಗೆ ದಾರಿ ದೂರವೇನಲ್ಲ. ಆಕೆಯ ಜೀವನದ ಮೊದಲ ಜಗಳ ನೆಲದ ಜಗಳ. ಅಪ್ಪನ ಪಾಲಿನ ಭೂಮಿ ನುಂಗಿದ ದಾಯಾದಿಯ ಎದುರು ನಿಂತ ಹುಡುಗಿ ಆಕೆ. ಸಿನಿಮಾದಲ್ಲಿ ಈ ನೆಲ ಹಿಂದಕ್ಕೆ ಸರಿದು ಅತ್ಯಾಚಾರವೇ ಆಕೆಯ ಬದುಕಿನ ಪ್ರತಿ ತಿರುವಿಗೂ ಕಾರಣವಾಗಿಬಿಡುತ್ತದೆ. ಇದನ್ನು ಅರುಂಧತಿ ರಾಯ್ ಆಗಲೇ ಎತ್ತಿ ತೋರಿಸಿದ್ದರು. ಮೈಮೇಲಿನ ಹಿಂಸೆ ಸುಳ್ಳಲ್ಲ. ಆದರೆ ನೆಲ ತೆಗೆದುಬಿಟ್ಟರೆ ಜಾತಿಯ ಲೆಕ್ಕಾಚಾರ ಹೋಗಿ ಬರೀ ಸೇಡಿನ ಕತೆ ಉಳಿಯುತ್ತದೆ. ತನ್ನ ಒಪ್ಪಿಗೆಯಿಲ್ಲದೆ ತನ್ನ ಅವಮಾನವನ್ನು ತೆರೆಯ ಮೇಲೆ ತೋರಿಸಬೇಡಿ ಎಂದು ಫೂಲನ್ ನ್ಯಾಯಾಲಯಕ್ಕೆ ಹೋದರು. ಆಮೇಲೆ ರಾಜಿಯಾಯಿತು, ಆ ಮಾತು ಬೇರೆ. ಸಭೆಯಲ್ಲಿ ದ್ರೌಪದಿಗೆ ಸೀರೆ ಅಕ್ಷಯವಾಯಿತು ಎಂದು ಕಾವ್ಯ ಹೇಳುತ್ತದೆ. ಬದುಕಿದ್ದ ಮಲ್ಲಾಹರ ಹೆಣ್ಣನ್ನು ಬೆತ್ತಲೆ ತೋರಿಸುವಾಗ ಕಲೆಗೆ ಒಂದು ಗಜ ಬಟ್ಟೆಯೂ ನೆನಪಾಗಲಿಲ್ಲ. ಅದೇ ಹೆಣ್ಣು 1996ರಲ್ಲಿ, ಮತ್ತೆ 1999ರಲ್ಲಿ ಮಿರ್ಜಾಪುರದಿಂದ ಲೋಕಸಭೆಗೆ ಗೆದ್ದರು. 2001ರ ಜುಲೈ 25ರಂದು ದೆಹಲಿಯ ಮನೆಯ ಮುಂದೆ ಗುಂಡಿಗೆ ಬಲಿಯಾದರು. ಓಟು ಕೇಳಿ ಗೆದ್ದ ಆ ಫೂಲನ್ ಆ ಚಿತ್ರದಲ್ಲಿಲ್ಲ.

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ 'ಸೈರಾಟ್' (2016) ಈ ತಕ್ಕಡಿಯನ್ನೇ ನಮ್ಮ ಮುಂದೆ ಹಿಡಿಯಿತು. ಪಾಟೀಲರ ಮನೆಯ ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ, ಗಂಡು ಹುಡುಗರನ್ನು ಗದರಿಸುತ್ತಾಳೆ. ಜನ ಶಿಳ್ಳೆ ಹಾಕಿದರು. ಮೀನುಗಾರರ ಮನೆಯ ಪರ್ಶ್ಯಾ ತಲೆ ತಗ್ಗಿಸುತ್ತಾನೆ. ಆರ್ಚಿಯ ಧೈರ್ಯ ಆಕೆಯದೇ, ಅನುಮಾನವಿಲ್ಲ. ಆದರೆ ಅದರ ಅರ್ಧ ಭಾಗ ಪಾಟೀಲರ ವಾಡೆಯದು. ಇದು ಗೊತ್ತಾಗುವುದು ಇಬ್ಬರೂ ಹೈದರಾಬಾದಿನ ಜೋಪಡಿ ಸೇರಿದಾಗ. ಅಲ್ಲಿ ಆರ್ಚಿ ಅಳುತ್ತಾಳೆ, ಹೆದರುತ್ತಾಳೆ, ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ನಿಧಾನಕ್ಕೆ ಕೂಲಿಯಿಂದ ಬಂದ ಬೇರೊಂದು ಗಟ್ಟಿತನ ಕಲಿಯುತ್ತಾಳೆ. ಅದಕ್ಕೆ ಯಾರೂ ಶಿಳ್ಳೆ ಹಾಕಲಿಲ್ಲ. ಇತ್ತ ಊರಲ್ಲಿ ಪರ್ಶ್ಯಾನ ಅಪ್ಪ ಜಾತಿ ಪಂಚಾಯಿತಿಯ ಮುಂದೆ ಕೈಮುಗಿದು ನಿಲ್ಲಬೇಕಾಗುತ್ತದೆ. ಮೇಲಿನ ಹೆಣ್ಣಿನ ಬಂಡಾಯಕ್ಕೆ ಕೆಳಗಿನ ಮನೆಯೂ ಬೆಲೆ ಕಟ್ಟುತ್ತದೆ ಎಂಬುದನ್ನು ಮಂಜುಳೆ ಮರೆಮಾಚುವುದಿಲ್ಲ. ಕೊನೆಗೆ ಪಾಟೀಲರ ಮನೆಯೇ ಇಬ್ಬರನ್ನೂ ಕೊಲ್ಲುತ್ತದೆ. ಅಂದರೆ ಆ ಮನೆ ಕೊಟ್ಟ ಧೈರ್ಯ ಸಾಲವಾಗಿತ್ತು. ಜಾತಿ ದಾಟಿದ ದಿನ ಬಡ್ಡಿ ಸಮೇತ ವಸೂಲಾಯಿತು.

ಇದನ್ನೆಲ್ಲ ಹೇಳುವಾಗ ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ದಲಿತ ಗಂಡಸರ ಬರವಣಿಗೆಯಲ್ಲಿ ಅವ್ವ ಬರುತ್ತಾಳೆ, ಬೆವರುತ್ತಾಳೆ, ಸಹಿಸುತ್ತಾಳೆ. ಆಕೆಯ ಸಿಟ್ಟು, ಆಸೆ, ಸುಳ್ಳು, ನಗೆ ಎಷ್ಟು ಪುಟದಲ್ಲಿವೆ? ಹಿಂದೂ ಧರ್ಮದ ಒಗಟುಗಳ ಬಗ್ಗೆ ಬರೆಯುವಾಗ ಬಾಬಾಸಾಹೇಬರು ಸೀತೆಯನ್ನು ಕಾಡಿಗಟ್ಟಿದ ರಾಮನನ್ನು ನೇರವಾಗಿ ಪ್ರಶ್ನಿಸಿದರು. ಆ ಪ್ರಶ್ನೆಯ ಕಸುವನ್ನು ಮನೆಯೊಳಕ್ಕೆ ತರದೆ ಬರೀ ಎದುರಿನವರ ಪುರಾಣಕ್ಕೆ ಬಳಸಿದರೆ ನಾವು ಅರ್ಧ ದಾರಿಯಲ್ಲೇ ನಿಂತಂತೆ.

ಹಾಗಾದರೆ ದ್ರೌಪದಿಯನ್ನು ಬಿಟ್ಟುಬಿಡಬೇಕೆ? ಬೇಡ. ಆಕೆಯ ಪ್ರಶ್ನೆಯನ್ನು ದಾಸಿಯ ಬಾಯಿಗೆ ಕೊಟ್ಟು ಓದಬೇಕು. ಓಬವ್ವನ ಕತೆ ಬರೆಯುವವರು ಆಕೆ ಕಿಂಡಿಯ ಬಳಿ ಹೋಗುವ ಮುಂಚಿನ ದಿನಗಳನ್ನು ಬರೆಯಬೇಕು. ಆಕೆ ಯಾರ ಭತ್ತ ಕುಟ್ಟಿದಳು, ಯಾರ ಮನೆ ಹೊಸ್ತಿಲಾಚೆ ನಿಂತಳು, ಯಾರೊಂದಿಗೆ ಜಗಳವಾಡಿದಳು. ತರಗತಿಯಲ್ಲಿ ಆದಿಪರ್ವ ಓದಿಸುವ ನಾವು ಅರಗಿನ ಮನೆ ಬಂದಾಗ ಪಾಂಡವರ ಜೊತೆ ಸುರಂಗದಲ್ಲಿ ಓಡಿಬಿಡದೆ, ಆ ಆರು ಜನ ಮಲಗಿರುವ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇವರ ಹೆಸರೇನು ಎಂದು ಹುಡುಗರು ಕೇಳಲಿ. ಕಾವ್ಯದಲ್ಲಿ ಉತ್ತರವಿಲ್ಲ. ಅದನ್ನು ಬರೆಯಬೇಕಾದವರು ಆ ಹುಡುಗರೇ, ಅವರಿಗಿಂತ ಮೊದಲು ಆ ಬೆಂಚಿನ ಕೊನೆಯಲ್ಲಿ ಸುಮ್ಮನೆ ಕೂತಿರುವ ಹುಡುಗಿಯರು.