ವಿಮರ್ಶಕರ ಕಿವಿ, ರಿಪೇರಿಯವರ ಮೇಜು

ಸಂಗೀತದ ಹುಚ್ಚು ಹತ್ತಿದವರಿಗೆ ಒಂದು ಓದಿನ ಹುಚ್ಚೂ ಅಂಟಿಕೊಳ್ಳುತ್ತದೆ: ತಾವೆಂದೂ ಕೊಳ್ಳಲಾಗದ ಸಿಡಿ ಪ್ಲೇಯರ್‌ಗಳ ವಿಮರ್ಶೆ ಓದುವುದು. ನನಗೂ ಇತ್ತು. ಇಂಗ್ಲಿಷ್ ಆಡಿಯೋ ಪತ್ರಿಕೆಗಳ ಈ ವಿಮರ್ಶೆಗಳದ್ದು ಒಂದು ಸಾಹಿತ್ಯ ಪ್ರಕಾರವೇ ಸರಿ. ಕಾರಿನ ಬೆಲೆಯ ಪೆಟ್ಟಿಗೆಯೊಂದು ವಿಮರ್ಶಕರ ಮನೆಗೆ ಬರುತ್ತದೆ. ನೂರು ಸಲ ಕೇಳಿದ ಡಿಸ್ಕನ್ನೇ ಅವರು ಹಾಕುತ್ತಾರೆ. ಸಂಗೀತದ ಮೇಲಿದ್ದ ತೆರೆ ಸರಿಯುತ್ತದೆ, ಗಾಯಕಿಯ ಉಸಿರು ಕೇಳುತ್ತದೆ. ಮುಂದಿನ ವರ್ಷ ಇನ್ನೊಂದು ಪ್ಲೇಯರ್, ಇನ್ನೊಂದು ತೆರೆ. ಆ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಬರುವುದೇ ಇಲ್ಲ.

ಇದು ನನಗೆ ಹೊಳೆದದ್ದು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ನನ್ನ ಒಂದೇ ಒಂದು ದುಬಾರಿ ಪ್ಲೇಯರ್ ಒಂದು ದಿನ 'ನೋ ಡಿಸ್ಕ್' ಎಂದಾಗ. ರಿಪೇರಿಯವರು ಮುಚ್ಚಳ ಬಿಚ್ಚಿದರು. ಬೆರಳಿನಷ್ಟು ದಪ್ಪದ ಅಲ್ಯೂಮಿನಿಯಂ, ದೊಡ್ಡ ಟ್ರಾನ್ಸ್‌ಫಾರ್ಮರ್, ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಜೋಡಣೆ. "ಸಾರ್, ಈ ಲೆನ್ಸು ಮಾಮೂಲಿ ಪ್ಲೇಯರ್‌ಗಳಲ್ಲಿ ಇರ್ತಿತ್ತಲ್ಲ, ಅದೇ" ಎಂದರು. ಇದರಲ್ಲಿ ಮೋಸವೇನಿಲ್ಲ. ಡಿಸ್ಕ್ ಓದುವ ಭಾಗವನ್ನು ಸ್ವತಃ ಮಾಡುವುದು ಸಣ್ಣ ಕಂಪನಿಗಳ ಕೈಲಾಗದ ಕೆಲಸ; ಫಿಲಿಪ್ಸ್, ಸೋನಿಗಳಿಂದ ಕೊಂಡು ಕೂರಿಸಿದವರೇ ಹೆಚ್ಚು. ಟಿಯಾಕ್‌ನಂಥ ಕೆಲವರು ಮಾತ್ರ ಡಿಸ್ಕನ್ನು ಬಿಗಿಯಾಗಿ ಹಿಡಿದು ತಿರುಗಿಸುವ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡರು.

ಆ ಪುಟ್ಟ ಭಾಗದ ಕೆಲಸ ಎಂಥದೆಂದು ನೋಡಿ. ಡಿಸ್ಕಿನ ಮೇಲೆ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರೋಮೀಟರ್ ಅಂತರ. ಡಿಸ್ಕ್ ಒಳಅಂಚಿನಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಿ, ಹೊರಗೆ ಹೋದಂತೆ 200ಕ್ಕೆ ಇಳಿಯುತ್ತದೆ. ಅಷ್ಟು ಹೊತ್ತೂ ಲೆನ್ಸು ಸಣ್ಣ ಸುರುಳಿಗಳ ಎಳೆತದಲ್ಲಿ ತೇಲುತ್ತಾ ಆ ಗೆರೆ ತಪ್ಪದಂತೆ ಹೋಗಬೇಕು. ಲೇಸರ್ ಮುಪ್ಪಾಗುತ್ತದೆ, ಗ್ರೀಸು ಗಟ್ಟಿಯಾಗುತ್ತದೆ, ಟ್ರೇ ಬೆಲ್ಟು ಸಡಿಲವಾಗುತ್ತದೆ. ಆದರೆ ಹಳೆಯ ಟೇಪಿನ ಹಾಗೆ ದನಿ ಮಸುಕಾಗಿ ಮುನ್ಸೂಚನೆ ಕೊಡುವುದಿಲ್ಲ. ತಪ್ಪು ತಿದ್ದುವ ಲೆಕ್ಕಾಚಾರ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಗೆರೆ ಬಿದ್ದರೂ ಕಳೆದದ್ದನ್ನು ಪೂರ್ತಿ ಮರಳಿಸುತ್ತದೆ. ಹೀಗಾಗಿ ಸಾಯುತ್ತಿರುವ ಪ್ಲೇಯರ್ ಕೂಡ ಕೊನೆಯವರೆಗೆ ಸೊಗಸಾಗಿಯೇ ಹಾಡುತ್ತದೆ. ಒಂದು ತಿಂಗಳಿಗೆ ಎರವಲು ತಂದ ಯಂತ್ರದಲ್ಲಿ ಇದೆಲ್ಲಿ ಕಾಣಬೇಕು? (ಬಿಡುಗಡೆಯ ವಾರವೇ ಬರುವ ನಮ್ಮ ಪುಸ್ತಕ ವಿಮರ್ಶೆಗಳೂ ನೆನಪಾಗುತ್ತವೆ.)

ಹಾಗಾದರೆ ದನಿಯಲ್ಲಿ ವ್ಯತ್ಯಾಸವೇ ಇಲ್ಲವೇ? ಇತ್ತು. 1982ರಲ್ಲಿ ಬಂದ ಸೋನಿಯ ಸಿಡಿಪಿ-101ರಲ್ಲಿ ಎಡ ಬಲ ಎರಡೂ ವಾಹಿನಿಗಳಿಗೆ ಒಂದೇ ಪರಿವರ್ತಕವಿತ್ತು. ಮೊದಲ ಫಿಲಿಪ್ಸ್ ಪ್ಲೇಯರಿನದು 14 ಬಿಟ್. ಅಂಥ ದಿನಗಳಲ್ಲಿ ಕಿವಿಗೊಟ್ಟು ಬರೆದವರು ಉಪಕಾರವನ್ನೇ ಮಾಡಿದರು. ಅಂತರ ಕಿರಿದಾದ ಮೇಲೂ ವಿಶೇಷಣಗಳು ಮಾತ್ರ ಕಿರಿದಾಗಲಿಲ್ಲ. 2007ರಲ್ಲಿ ಮೆಯರ್ ಮತ್ತು ಮೊರಾನ್ ಅಮೆರಿಕದಲ್ಲಿ ಮಾಡಿದ ಪ್ರಯೋಗ ಪ್ರಕಟವಾಯಿತು. ಎಸ್‌ಎಸಿಡಿಯಂಥ ಮೇಲ್ದರ್ಜೆಯ ಡಿಸ್ಕಿನ ಸಂಗೀತ ಒಂದು ಕಡೆ. ಅದನ್ನೇ ಸಾಮಾನ್ಯ ಸಿಡಿಯ ಮಟ್ಟಕ್ಕೆ ಇಳಿಸಿದ್ದು ಇನ್ನೊಂದು ಕಡೆ. ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿಯಾದ ಉತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಇದು ಪ್ಲೇಯರ್‌ಗಳ ನಡುವಿನ ಪರೀಕ್ಷೆಯಲ್ಲ, ನಿಜ. ಆದರೂ ಇದನ್ನು ಓದಿದ ಮೇಲೆ 'ತೆರೆ ಸರಿಯಿತು' ಎಂಬ ಮಾತನ್ನು ನಾನು ಮೊದಲಿನ ಹಾಗೆ ಓದಲಾರೆ. ಅಂಥ ಡಿಸ್ಕುಗಳು ಹಲವು ಸಲ ಚೆನ್ನಾಗಿ ಕೇಳುವುದು ಧ್ವನಿಮುದ್ರಣದ ಹಂತದಲ್ಲಿ ವಹಿಸಿದ ಎಚ್ಚರಿಕೆಯಿಂದ ಎಂದೂ ಅವರು ಬರೆದರು.

ವಿಮರ್ಶಕರು ಬರೆಯಬೇಕಾದದ್ದು ಇನ್ನೂ ಇದೆ: ಡಿಸ್ಕ್ ಓದುವ ಭಾಗ ಯಾರದು, ಅದು ಬಿಡಿಯಾಗಿ ಎಷ್ಟು ವರ್ಷ ಸಿಗುತ್ತದೆ, ಬೆಲ್ಟು ಬದಲಿಸಲು ಪೆಟ್ಟಿಗೆ ಎಲ್ಲಿಗೆ ಕಳಿಸಬೇಕು. ಸ್ಕಾಟ್‌ಲೆಂಡಿನ ಲಿನ್ ಸಿಡಿ ಪ್ಲೇಯರ್ ತಯಾರಿಕೆ ನಿಲ್ಲಿಸುವುದಾಗಿ 2009ರಲ್ಲೇ ಹೇಳಿತು. ಅಂದಮೇಲೆ ಈ ಪ್ರಶ್ನೆಗಳೇನೂ ಸಣ್ಣವಲ್ಲ.

ನನ್ನ ಪ್ಲೇಯರಿಗೆ ಕೊನೆಗೆ ಸಿಕ್ಕಿದ್ದು ಗುಜರಿಗೆ ಬಿದ್ದಿದ್ದ ಅಗ್ಗದ ಪ್ಲೇಯರಿನ ಲೆನ್ಸು. ಕೂರಿಸಿ, ಡಿಸ್ಕ್ ಹಾಕಿ, ರಿಪೇರಿಯವರು ನನ್ನ ಮುಖ ನೋಡಿದರು. "ಸೌಂಡ್ ಏನಾದ್ರೂ ಚೇಂಜ್ ಆಯ್ತಾ ಸಾರ್?" ಕಣ್ಣು ಮುಚ್ಚಿ ಕೇಳಿದೆ. ಆಗಿರಲಿಲ್ಲ.